ಸರೋವರದ ಮೇಲೊಂದು ವಿಮಾನ ನಿಲ್ದಾಣ

ಅಮೆರಿಕದ ಈಶಾನ್ಯದಲ್ಲಿರುವ ನ್ಯೂ ಹ್ಯಾಂಪ್‌ಷೈರ್ ಗುಡ್ಡ, ಕಾಡು, ಸರೋವರಗಳ ರಾಜ್ಯ. ಅಲ್ಲಿಯ ಸರೋವರಗಳಲ್ಲೆಲ್ಲ ಹಿರಿದು ವಿನ್ನಿಪಸಾಕಿ. ಸುಮಾರು 72 ಚದರ ಮೈಲಿ ಹರಡಿರುವ ಈ ಜಲರಾಶಿ ದಕ್ಷಿಣದಲ್ಲಿ ಗುಡ್ಡಗಳ ನಡುವೆ ಕಿರಿದಾಗಿ ಚಾಚಿ, ಆಲ್ಟನ್ ಬೇ ಎಂಬ ಪುಟ್ಟ ಊರಿನ ಅಂಗಳದಲ್ಲಿ ಮುಗಿಯುತ್ತದೆ. ಬೇಸಗೆಯಲ್ಲಿ ಇಲ್ಲಿ ದೋಣಿಗಳ ಸಂಭ್ರಮ, ಈಜುವವರ ಕಲರವ. ಮಾಘಮಾಸದ ಹೊತ್ತಿಗೆ ಅದೇ ನೀರಿನ ಮೇಲೆ ಚಕ್ರದ ವಿಮಾನಗಳು ಬಂದಿಳಿಯುತ್ತವೆ!

ಅಲಾಸ್ಕವನ್ನು ಬಿಟ್ಟರೆ, ಅಮೆರಿಕದ ಮುಖ್ಯ ಭೂಭಾಗದಲ್ಲಿ ಕೇಂದ್ರ ವಿಮಾನಯಾನ ಇಲಾಖೆಯ ಮನ್ನಣೆ ಪಡೆದ ಮಂಜುಗಡ್ಡೆಯ ಓಡುದಾರಿ ಇದೊಂದೇ. ಊರಿನ ಸ್ವಯಂಸೇವಕರು ಗಡ್ಡೆಯಲ್ಲಿ ರಂಧ್ರ ಕೊರೆದು ಅದರ ದಪ್ಪವನ್ನು ಅಳೆಯುತ್ತಾರೆ. 12 ಅಂಗುಲವಿದ್ದರೆ ಮಾತ್ರ ಅಪ್ಪಣೆ. ಬಳಿಕ ಮೇಲಿನ ಹಿಮವನ್ನು ಬದಿಗೆ ತಳ್ಳಿ, ಸುಮಾರು ಅರ್ಧ ಮೈಲಿಯ ದಾರಿಯನ್ನು ಹಸನುಮಾಡುತ್ತಾರೆ. ಬಂದಿಳಿದ ಚಾಲಕರು ದಡದ ಉಪಾಹಾರಗೃಹದಲ್ಲಿ ಬಿಸಿ ಕಾಫಿ ಕುಡಿದು, ಇಲ್ಲಿ ಇಳಿದುದರ ನೆನಪಿನ ಕಾಣಿಕೆಯೊಂದನ್ನು ಕಿಸೆಗೆ ಹಾಕಿಕೊಂಡು ಮರಳುತ್ತಾರೆ.

ನೋಡುವವರಿಗೆ ಇದು ವಿನೋದ, ಇಳಿಯುವವನಿಗೆ ಪರೀಕ್ಷೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಯಾಣಿಯ ಮೆಟ್ಟಿಲ ಮೇಲೆ ಅವಸರದಿಂದ ಕಾಲಿಟ್ಟವರಿಗೆ ಚಾಲಕನ ಪಾಡು ತಿಳಿದೀತು. ಬ್ರೇಕು ಒತ್ತಿದರೆ ಚಕ್ರವೇನೋ ನಿಲ್ಲುತ್ತದೆ, ವಿಮಾನ ನಿಲ್ಲುವುದಿಲ್ಲ. ಉರುಳದೆ ಜಾರುವ ಚಕ್ರಕ್ಕೆ ದಿಕ್ಕಿನ ಹಂಗೂ ಇಲ್ಲ. ವೇಗವಿರುವಷ್ಟು ಕಾಲ ಬಾಲದ ಚುಕ್ಕಾಣಿ ಗಾಳಿಯನ್ನು ಹಿಡಿದು ಮಾತು ಕೇಳುತ್ತದೆ. ವೇಗ ಇಳಿದಂತೆ ಅದರ ಹಿಡಿತವೂ ಸಡಿಲುತ್ತದೆ. ಆ ಗಳಿಗೆಯಲ್ಲಿ ಪಕ್ಕದಿಂದ ಗಾಳಿ ಬೀಸಿತೆಂದರೆ, ಹಗುರವಾದ ವಿಮಾನ ಗಾಳಿಕೋಳಿಯಂತೆ ಮೂತಿಯನ್ನು ಅತ್ತ ತಿರುಗಿಸಿ, ಅಡ್ಡಡ್ಡವಾಗಿ ಸಾಗಿ, ಬದಿಯ ಹಿಮದ ದಿಬ್ಬಕ್ಕೆ ಬಡಿಯಬಹುದು. ಪ್ರೊಪೆಲರ್ ಬಾಗುವುದು, ಚಕ್ರದ ಕಾಲು ಮುರಿಯುವುದು, ರೆಕ್ಕೆ ನಜ್ಜುಗುಜ್ಜಾಗುವುದು ಇಂಥ ಅಪಘಾತಗಳ ಸಾಮಾನ್ಯ ಫಲ.

ಚಳಿ ಹೆಚ್ಚಿದಷ್ಟೂ ಅಪಾಯ ಹೆಚ್ಚೆಂದು ಬಗೆಯುವುದು ಸಹಜ. ವಾಸ್ತವ ಬೇರೆ. ಕಡುಚಳಿಯ ಒಣಗಡ್ಡೆಯಲ್ಲಿ ಚಕ್ರಕ್ಕೆ ಅಷ್ಟಿಷ್ಟು ಹಿಡಿತ ಸಿಕ್ಕೀತು. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಬಿಸಿಲಿಗೆ ಬೆವರಿ ಮೇಲೆ ನೀರಿನ ಪೊರೆ ಕಟ್ಟಿದ ಗಡ್ಡೆಯೇ ಹೆಚ್ಚು ವಂಚಕ. ಆದುದರಿಂದ ಬಲ್ಲ ಚಾಲಕನು ಆದಷ್ಟು ಕಡಿಮೆ ವೇಗದಲ್ಲಿ, ದಾರಿಯ ಮೊದಲಲ್ಲೇ ನೆಲ ಮುಟ್ಟುತ್ತಾನೆ. ಬ್ರೇಕನ್ನು ಮರೆತು, ಗಾಳಿಯ ತಡೆಯಿಂದಲೇ ವೇಗ ಕರಗಲು ಬಿಡುತ್ತಾನೆ. ನಡಿಗೆಯ ವೇಗ ಬರುವವರೆಗೆ ತಿರುವಿನ ಯೋಚನೆ ಮಾಡುವುದಿಲ್ಲ. ಲೆಕ್ಕ ತಪ್ಪಿತೆಂದು ಕಂಡರೆ ಕೂಡಲೇ ಮೇಲೇರಿ ಮತ್ತೊಂದು ಸುತ್ತು ಬರುತ್ತಾನೆ. ಜಾರಿ ಅರ್ಧ ದಾರಿ ಕಳೆದ ಮೇಲೆ ಆ ವಿವೇಕಕ್ಕೆ ಕಾಲ ಮೀರಿರುತ್ತದೆ.

ಈಗ ಓಡುದಾರಿಗೇ ಕಂಟಕ ಬಂದಿದೆ. ಸರೋವರದ ಹಡಗು ತನ್ನ ರೇವುಗಳನ್ನೆಲ್ಲ ತಲುಪುವಷ್ಟು ಗಡ್ಡೆ ಕರಗಿದ ದಿನವನ್ನು ಇಲ್ಲಿಯವರು 1887ರಿಂದ ಬರೆದಿಟ್ಟಿದ್ದಾರೆ. 1888ರಲ್ಲಿ ಆ ದಿನ ಬಂದುದು ಮೇ 12ರಂದು. 2024ರಲ್ಲಿ ಮಾರ್ಚ್ 17ಕ್ಕೇ ಬಂದಿತು. ಆ ಚಳಿಗಾಲದಲ್ಲಿ ಓಡುದಾರಿ ತೆರೆಯಲೇ ಇಲ್ಲ. ಹಂಬಲಿಸಿ ಕಾದಿದ್ದ ಚಾಲಕರಿಗೆ ನಿರಾಸೆಯಾದುದು ದಿಟ. ಆದರೂ ಗಡ್ಡೆ ತೆಳುವೆಂದು ಕಂಡಾಗ ಬೇಡವೆನ್ನುವ ಊರಿನವರ ಆ ಒಂದು ಮಾತೇ ಆಲ್ಟನ್ ಬೇಯ ನಿಜವಾದ ಕಾವಲು.