ರಾಯರ ಮೀನಿನ ತೊಟ್ಟಿ

ನಿವೃತ್ತಿವೇತನದೊಡನೆ ಮನುಷ್ಯನಿಗೆ ದೊರೆಯುವ ಇನ್ನೊಂದು ವಸ್ತುವೆಂದರೆ ಹೊತ್ತು. ವೇತನ ತಿಂಗಳ ಕೊನೆಯವರೆಗೆ ಸಾಲದು. ಹೊತ್ತು ಮಾತ್ರ ಎಷ್ಟು ವ್ಯಯ ಮಾಡಿದರೂ ಮುಗಿಯದು. ಜಯನಗರದ ರಾಯರು 35 ವರ್ಷ ಕಾರ್ಖಾನೆಯೊಂದರಲ್ಲಿ ಲೋಹವನ್ನು ಉಜ್ಜಿ ನಯಗೊಳಿಸಿದವರು. ಕೂದಲೆಳೆಗಿಂತ ಸಣ್ಣ ಏರುತಗ್ಗನ್ನೂ ಬೆರಳ ತುದಿಯಿಂದಲೇ ಗುರುತಿಸಬಲ್ಲವರೆಂದು ಅಲ್ಲಿ ಅವರಿಗೆ ಹೆಸರಿತ್ತು. ಅಂಥ ಬೆರಳುಗಳಿಗೆ ಈಗ ಉಳಿದಿದ್ದ ಕೆಲಸವೆಂದರೆ ವೃತ್ತಪತ್ರಿಕೆಯ ಹಾಳೆ ಮಗುಚುವುದು ಮತ್ತು ಹುರುಳಿಕಾಯಿಯ ನಾರು ತೆಗೆಯುವುದು.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಮನೆಯ ಮುಂದೆ ಸಾಮಾನಿನ ಗಾಡಿಯೊಂದು ನಿಂತಿತು. ನಾಲ್ವರು ಆಳುಗಳು ಏದುಸಿರು ಬಿಡುತ್ತಾ ಇಳಿಸಿದ ವಸ್ತುವನ್ನು ಕಂಡು ರಾಯರ ಮಡದಿ ಬಾಗಿಲಲ್ಲೇ ನಿಂತರು. 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಧಾನ್ಯದ ಕಣಜವೋ ಸ್ನಾನದ ತೊಟ್ಟಿಯೋ ತಿಳಿಯದು.

“ಇದೇನು ತಂದಿರಿ?”

“ಮೀನಿನ ತೊಟ್ಟಿ. ಬಾಗಿಲು ಹಾಕಿದ ಹೋಟೆಲಿನವರು ಮಾರುತ್ತಿದ್ದರು. ಹೊಸದರ ಐದನೆಯ ಒಂದು ಪಾಲಿನ ಬೆಲೆಗೆ ಬಂತು.”

“ಚೆನ್ನಾಯಿತು. ಹಬ್ಬದ ದಿನ ಈರುಳ್ಳಿಯನ್ನೂ ಒಳಗೆ ಬಿಡದ ಮನೆಗೆ ಮೀನು ಬಂತು!”

“ತಿನ್ನುವುದಕ್ಕಲ್ಲವಲ್ಲ, ನೋಡುವುದಕ್ಕೆ.”

“ನೋಡುವುದಕ್ಕಾದರೂ ಇದರೊಳಗೆ ಏನು ಕಂಡೀತು?”

ಆ ಪ್ರಶ್ನೆ ನ್ಯಾಯವಾದದ್ದೇ. ಗಡಸು ನೀರಿನ ಸುಣ್ಣ ಒಳಗೋಡೆಗೆಲ್ಲ ಬಿಳಿಯಾಗಿ ಹತ್ತಿತ್ತು. ಹೋಟೆಲಿನ ಹುಡುಗರು ಪಾತ್ರೆ ಉಜ್ಜುವ ತಂತಿಯ ಜುಂಗಿನಿಂದ ಅದನ್ನು ತಿಕ್ಕಿ, ಮುಂಭಾಗವನ್ನು ಬೆಕ್ಕು ಪರಚಿದಂತೆ ಮಾಡಿದ್ದರು. ಎಂಟು ವರ್ಷದ ಮೊಮ್ಮಗ ಮಾತ್ರ ಸುತ್ತ ಒಂದು ಪ್ರದಕ್ಷಿಣೆ ಬಂದು, “ತಾತ, ಮೀನು ನಾಳೆ ಬರುತ್ತದೆಯೆ?” ಎಂದ.

ಸಂಜೆ ಮಗ ಮನೆಗೆ ಬಂದ. ತೊಟ್ಟಿಯನ್ನು ಒಮ್ಮೆ ನೋಡಿದ. ತಂದೆಯನ್ನು ಒಮ್ಮೆ ನೋಡಿದ. “ಬೇಕಿದ್ದರೆ ಹೊಸದನ್ನೇ ತರಿಸಬಹುದಿತ್ತಲ್ಲ, ಅಪ್ಪ” ಎಂದಷ್ಟೇ ಹೇಳಿ ಒಳಗೆ ಹೋದ. ಆ ಮನೆಯಲ್ಲಿ ಮೀನಿನ ಮಾತು ಬಂದು ಮೂವತ್ತು ವರ್ಷಕ್ಕೆ ಮೇಲಾಗಿತ್ತು.

ಮರುದಿನ ಬೆಳಗ್ಗೆಯೇ ರಾಯರು ಮುಂಗಟ್ಟಿನ ನೆರಳಿನಲ್ಲಿ ಕೆಲಸಕ್ಕೆ ಕುಳಿತರು. ಮೊಮ್ಮಗನಿಗೆ ಅವರು ಕಲಿಸಿದ ಮೊದಲ ಪಾಠವೆಂದರೆ ಇದು ಗಾಜಲ್ಲ, ಅಕ್ರಿಲಿಕ್ ಎಂಬುದು. 1930ರ ದಶಕದಲ್ಲಿ ಜರ್ಮನಿಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಮಾರುಕಟ್ಟೆಗೆ ಬಂದು, ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳಿಗೆ ಕಿಟಕಿಯಾದ ಪದಾರ್ಥ. ತೂಕ ಗಾಜಿನ ಅರ್ಧಕ್ಕಿಂತ ಕಡಿಮೆ. ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ 92 ಪಾಲನ್ನು ಒಳಗೆ ಬಿಡುತ್ತದೆ. ಜಪಾನಿನ ಓಕಿನಾವಾದಲ್ಲಿ 2002ರಲ್ಲಿ ತೆರೆದ ಮತ್ಸ್ಯಾಲಯದ ಮಹಾಕಿಟಕಿ ಇದರದ್ದೇ, 22.5 ಮೀಟರ್ ಅಗಲ, 8.2 ಮೀಟರ್ ಎತ್ತರ, 60 ಸೆಂಟಿಮೀಟರ್ ದಪ್ಪ. ಇಷ್ಟೆಲ್ಲ ಗುಣವಿದ್ದರೂ ಒಂದು ದೋಷ: ಮೈ ಮೃದು, ಬೇಗ ಗೀರು ಬೀಳುತ್ತದೆ. ಆ ದೋಷದಲ್ಲೇ ಒಂದು ಗುಣವೂ ಉಂಟು. ಗಾಜಿನ ಗೀರನ್ನು ತೆಗೆಯುವುದು ಬಲು ಕಷ್ಟ. ಅಕ್ರಿಲಿಕ್ಕಿನ ಗೀರನ್ನು ತಾಳ್ಮೆಯಿದ್ದವನು ಕೈಯಿಂದಲೇ ತೆಗೆಯಬಹುದು.

ಮೊದಲು ಸುಣ್ಣ. ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಗೋಡೆಗೆ ಅಂಟಿಸಿ, ಒಂದು ಗಂಟೆ ಬಿಟ್ಟು ಒರಸಿದಾಗ ಬಿಳಿಯ ಪೊರೆ ಸಡಿಲವಾಗಿ ಬಂತು. ಪಕ್ಕದ ಮನೆಯವರು ಕಿಟಕಿ ಒರಸುವ ದ್ರಾವಣವನ್ನು ಕೊಡಲು ಬಂದರು. ರಾಯರು ಕೈಮುಗಿದು ಬೇಡವೆಂದರು. ಅಂಥ ದ್ರಾವಣಗಳಲ್ಲಿ ಅಮೋನಿಯವೋ ಸ್ಪಿರಿಟ್ಟೋ ಇರುತ್ತದೆ; ಅದು ತಗುಲಿದರೆ ಅಕ್ರಿಲಿಕ್ಕಿನ ಮೈಯಲ್ಲಿ ಜೇಡರ ಬಲೆಯಂಥ ನವಿರು ಬಿರುಕುಗಳು ಏಳುತ್ತವೆ.

ಸುಣ್ಣ ಹೋದಮೇಲೆ ಕೆಳಮೂಲೆಯ ಬೆಸುಗೆಯಲ್ಲಿ ಸಣ್ಣದೊಂದು ಬಿಡುವು ಕಾಣಿಸಿತು. ಗಾಜಿನ ತೊಟ್ಟಿಗೆ ಹಚ್ಚುವ ಸಿಲಿಕೋನ್ ಅಂಟು ಇಲ್ಲಿ ನಿಲ್ಲದು. ಅಕ್ರಿಲಿಕ್ಕನ್ನೇ ಕರಗಿಸುವ ದ್ರಾವಕವನ್ನು ಸೂಜಿಯಿಂದ ಸಂದಿಗೆ ಬಿಡಬೇಕು. ನೀರಿನಷ್ಟು ತೆಳುವಾದ ಅದು ತಾನಾಗಿಯೇ ಒಳಕ್ಕೆ ಹರಿದು, ಎರಡು ಹಲಗೆಗಳ ಅಂಚನ್ನೂ ಕರಗಿಸಿ, ಆರಿದಾಗ ಒಂದೇ ಮಾಡುತ್ತದೆ. ಮೊಮ್ಮಗನನ್ನು ದೂರ ಕೂರಿಸಿ, ಗಾಳಿಯಾಡುವ ಕಡೆ ಮುಖ ಮಾಡಿ ರಾಯರು ಆ ಕೆಲಸವನ್ನು ಮುಗಿಸಿದರು.

ಅನಂತರ ಉಪ್ಪುಕಾಗದ. ನೀರಿನಲ್ಲಿ ನೆನೆಸಿ ಉಜ್ಜುವ ಜಾತಿಯದು. 400, 600, 800, 1000, 1500, 2000 ಎಂದು ಅಂಕಿ ಏರಿದಂತೆಲ್ಲ ಕಣ ನಯವಾಗುತ್ತದೆ. ಉಗುರಿಗೆ ಸಿಕ್ಕುವ ಗೀರಾದರೆ 400ರಿಂದಲೇ ತೊಡಗಬೇಕು. ಒಂದು ಕಾಗದದಲ್ಲಿ ಅಡ್ಡಕ್ಕೆ ಉಜ್ಜಿದರೆ ಮುಂದಿನದರಲ್ಲಿ ಉದ್ದಕ್ಕೆ. ಹಿಂದಿನ ಗುರುತು ಪೂರ್ತಿ ಅಳಿಯುವವರೆಗೆ ಮುಂದಕ್ಕೆ ಹೋಗುವಂತಿಲ್ಲ. ಅವಸರಪಟ್ಟು ಒಂದು ಮೆಟ್ಟಿಲನ್ನು ಹಾರಿದವನು ಕೊನೆಗೆ ಮೊದಲಿನಿಂದಲೇ ಹತ್ತಬೇಕಾಗುತ್ತದೆ.

ಮೊದಲನೆಯ ಕಾಗದ ಮುಗಿದ ದಿನ ಕಾಫಿ ತಂದ ಮಡದಿ ಲೋಟವನ್ನು ಹಾಗೆಯೇ ಹಿಡಿದು ನಿಂತರು. ಮುಂಭಾಗವೆಲ್ಲ ಮಜ್ಜಿಗೆ ಬಳಿದಂತೆ ಮಂಕಾಗಿತ್ತು. “ಅಷ್ಟೋ ಇಷ್ಟೋ ಕಾಣುತ್ತಿತ್ತು, ಈಗ ಅದೂ ಹೋಯಿತಲ್ಲ!” ಎಂದರು. ರಾಯರು ನಕ್ಕು ಸುಮ್ಮನಾದರು. 18 ದಿನಗಳ ಮೇಲೆ, ಮೆರುಗಿನ ಹಿಟ್ಟನ್ನು ಮೆತ್ತನೆಯ ಬಟ್ಟೆಯಲ್ಲಿ ಹಚ್ಚಿ ಒರಸುತ್ತಿದ್ದಾಗ ಅದೇ ಮಡದಿ ತೊಟ್ಟಿಯ ಆಚೆಯಿಂದ ಕೈ ಚಾಚಿ ಲೋಟ ಕೊಡಲು ಬಂದರು; ನಡುವೆ ಗೋಡೆಯಿದೆಯೆಂಬುದು ಲೋಟ ತಾಗಿದಾಗಲೇ ತಿಳಿಯಿತು. ಅದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ರಾಯರಿಗೆ ಕಾರ್ಖಾನೆಯಲ್ಲೂ ದೊರೆತಿರಲಿಲ್ಲ. ಒಳಮೈಯಲ್ಲಿ ಒಂದೆರಡು ಸಣ್ಣ ಗೀರುಗಳು ಉಳಿದಿದ್ದವು; ನೀರು ತುಂಬಿದ ಮೇಲೆ ಅವು ಮರೆಯಾಗುತ್ತವೆಂದು ಅವರು ಬಿಟ್ಟರು. ಹಾಗೆಯೇ ಆಯಿತು.

ತೊಟ್ಟಿಗೆ ಪೀಠವಾಗಬೇಕಿತ್ತು. ತುಂಬಿದರೆ ಹೆಚ್ಚುಕಡಿಮೆ 650 ಲೀಟರ್, ಎಂದರೆ 650 ಕಿಲೋಗ್ರಾಂ ನೀರು. ತೊಟ್ಟಿಯ ತೂಕ ಬೇರೆ. ಅಕ್ರಿಲಿಕ್ ಬಾಗುವ ಪದಾರ್ಥವಾದುದರಿಂದ ಅಂಚುಗಳಿಗೆ ಮಾತ್ರ ಆಸರೆ ಕೊಟ್ಟರೆ ಸಾಲದು. ತಳದ ಅಂಗುಲ ಅಂಗುಲವೂ ಸಮನಾಗಿ ಕೂರಬೇಕು. ಕಬ್ಬಿಣದ ಚೌಕಟ್ಟಿನ ಮೇಲೆ ದಪ್ಪ ಪ್ಲೈವುಡ್ ಹಾಸಿ, ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ನೋಡಿದರು. ಅದಕ್ಕೂ ಮೊದಲು ಮುಂಗಟ್ಟಿನಲ್ಲೇ ಒಂದು ವಾರ ನೀರು ನಿಲ್ಲಿಸಿ, ಕೆಳಗೆ ಹಳೆಯ ಪತ್ರಿಕೆ ಹಾಸಿ, ದಿನವೂ ಬೆಳಗ್ಗೆ ಹನಿಯ ಗುರುತನ್ನು ಹುಡುಕಿದ್ದರು. ಪತ್ರಿಕೆ ಒಣಗಿಯೇ ಇತ್ತು.

ತೊಟ್ಟಿ ನಡುಮನೆಗೆ ಬಂತು. ಮರಳು, ಕಲ್ಲು, ನೀರು ಬಂದವು. ಕಾವೇರಿಯ ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ, ಹಳೆಯ ಛಾಯಾಚಿತ್ರಗಾರರು ‘ಹೈಪೋ’ ಎನ್ನುತ್ತಿದ್ದ ಸೋಡಿಯಂ ಥಯೋಸಲ್ಫೇಟಿನ ಹರಳನ್ನು ಲೆಕ್ಕವಾಗಿ ಕರಗಿಸಿದ್ದಾಯಿತು. ಶೋಧಕ ಯಂತ್ರ ಗುಂಯ್ಗುಡತೊಡಗಿತು. ಎಲ್ಲವೂ ಬಂದವು; ಮೀನು ಮಾತ್ರ ಬರಲಿಲ್ಲ.

ಒಂದು ವಾರವಾಯಿತು, ಎರಡಾಯಿತು. ರಾಯರು ದಿನವೂ ಖಾಲಿ ನೀರಿಗೆ ಚಿಟಿಕೆ ಮೀನಿನ ತಿನಿಸು ಉದುರಿಸುತ್ತಿದ್ದರು. ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಔಷಧದ ಹನಿ ಬಿಟ್ಟು, ಬಣ್ಣ ನೋಡಿ ದಿನಚರಿಯಲ್ಲಿ ಬರೆಯುತ್ತಿದ್ದರು. ನೆರೆಯವರು ನಕ್ಕರು. ಮೊಮ್ಮಗ ಮುನಿದು ತೊಟ್ಟಿಯ ಕಡೆ ಬೆನ್ನು ಮಾಡಿ ಊಟ ಮಾಡತೊಡಗಿದ. “ಮನುವಿನ ಕಮಂಡಲದಲ್ಲಾದರೂ ಮೊದಲು ಮೀನು ಬಂತು, ಆಮೇಲೆ ತೊಟ್ಟಿ ಬೇಕಾಯಿತು. ನಿಮ್ಮದು ತಲೆಕೆಳಗಾದ ಪುರಾಣ” ಎಂದರು ಮಡದಿ.

ಮೂರನೆಯ ವಾರದ ಒಂದು ರಾತ್ರಿ ಕಛೇರಿಯ ಕೆಲಸ ಮುಗಿಸಿ ನೀರು ಕುಡಿಯಲು ಬಂದ ಮಗ, ದೀಪದ ಕೆಳಗೆ ಕೊಳವೆ ಹಿಡಿದು ಕುಳಿತ ತಂದೆಯನ್ನು ಕಂಡ.

“ಇನ್ನೂ ಏಕೆ ಖಾಲಿ, ಅಪ್ಪ?”

ರಾಯರು ಹೇಳಿದರು. ಮೀನು ತನ್ನ ಕಿವಿರಿನಿಂದಲೇ ಅಮೋನಿಯವನ್ನು ಹೊರಬಿಡುತ್ತದೆ. ಅದು ಮೀನಿಗೇ ವಿಷ. ಕಣ್ಣಿಗೆ ಕಾಣದ ಒಂದು ಬಗೆಯ ಜೀವಾಣು ಅದನ್ನು ನೈಟ್ರೈಟಾಗಿ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ಅಷ್ಟಾಗಿ ಕೆಡುಕಿಲ್ಲದ ನೈಟ್ರೇಟಾಗಿ ಮಾಡುತ್ತದೆ. ಆ ಜೀವಾಣುಗಳು ಶೋಧಕದಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹೊಸ ತೊಟ್ಟಿಯಲ್ಲಿ ಅವು ಇಲ್ಲ. ಮೊದಲ ದಿನವೇ ಮೀನುಗಳನ್ನು ತಂದು ತುಂಬಿದರೆ, ವಾರದೊಳಗೆ ಅವು ತಾವು ಬಿಟ್ಟ ವಿಷದಲ್ಲೇ ಸಾಯುವುದುಂಟು.

ಮಗ ಮಾತಾಡಲಿಲ್ಲ. ರಾಯರು ಕೊಳವೆಯನ್ನು ಮೇಜಿನ ಮೇಲಿಟ್ಟರು.

1991ರಲ್ಲಿ, ಕಬ್ಬನ್ ಪಾರ್ಕಿನ ಅಂಚಿನ ಸರಕಾರೀ ಮತ್ಸ್ಯಾಲಯವನ್ನು ನೋಡಿ ಬಂದ ಎಂಟು ವರ್ಷದ ಹುಡುಗ ಮೀನು ಬೇಕೆಂದು ಹಟ ಹಿಡಿದಿದ್ದ. ರಾಯರು ಅಂದೇ ಎರಡಡಿಯ ಗಾಜಿನ ತೊಟ್ಟಿಯನ್ನೂ ಚಿನ್ನದ ಮೀನುಗಳನ್ನೂ ತಂದರು; ಅಂದೇ ಬಿಟ್ಟರು. ನಾಲ್ಕನೆಯ ದಿನ ಒಂದು ತೇಲಿತು. ವಾರ ಮುಗಿಯುವುದರೊಳಗೆ ಒಂದೂ ಉಳಿಯಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ರಾಯರಿಗೆ ಕಂಡದ್ದು ನೀರಿನ ಮೇಲೆ ಉಳಿದಿದ್ದ ತಿನಿಸು. “ಹೊತ್ತುಗೊತ್ತಿಲ್ಲದೆ ತಿನ್ನಿಸಿ ನೀನೇ ಕೊಂದೆ” ಎಂದುಬಿಟ್ಟರು. ಹುಡುಗ ಅಳುತ್ತಾ ಅವನ್ನು ಪಾರಿಜಾತದ ಬುಡದಲ್ಲಿ ಹೂತ. ಮತ್ತೆ ಮೀನನ್ನೂ ಕೇಳಲಿಲ್ಲ, ನಾಯಿಯನ್ನೂ ಕೇಳಲಿಲ್ಲ.

“ಆವತ್ತು ಸತ್ತುವಲ್ಲ, ಆ ಆರು ಮೀನು” ಎಂದರು ರಾಯರು. “ತಿನಿಸು ಹೆಚ್ಚಾದರೆ ಕೆಡುಕು ಬೇಗ ಬರುತ್ತದೆ, ನಿಜ. ಆದರೆ ನೀನು ಅಳೆದು ಹಾಕಿದ್ದರೂ ಅವು ಉಳಿಯುವುದು ಕಷ್ಟವಿತ್ತು. ತೊಟ್ಟಿ ಚಿಕ್ಕದು, ನೀರು ಹೊಸದು. ಕಾಯಬೇಕಾದವನು ನಾನು. ನನಗೆ ತಿಳಿದಿರಲಿಲ್ಲ, ತಿಳಿಯದ್ದನ್ನು ನಿನ್ನ ತಲೆಗೆ ಕಟ್ಟಿದೆ. ತಪ್ಪು ನಿನ್ನದಲ್ಲಪ್ಪ.”

ಶೋಧಕದ ಸದ್ದು ಮಾತ್ರ ಕೇಳುತ್ತಿತ್ತು.

“ಆರಲ್ಲ, ಅಪ್ಪ” ಎಂದ ಮಗ, ಬಹಳ ಹೊತ್ತಿನ ಮೇಲೆ. “ಏಳು.”

ಅವನು ಕುರ್ಚಿ ಎಳೆದುಕೊಂಡು ಕುಳಿತ. ಕೊಳವೆಯನ್ನು ತೆಗೆದುಕೊಂಡು ದೀಪಕ್ಕೆ ಹಿಡಿದ. “ಇದು ಹಸಿರೋ, ಹಳದಿಯೋ?” ಎಂದು ಕೇಳಿದ. ಅಂದಿನಿಂದ ದಿನಚರಿಯಲ್ಲಿ ಎರಡು ಕೈಬರಹಗಳು ಕಾಣತೊಡಗಿದವು.

ಐದನೆಯ ವಾರದ ಕೊನೆಗೆ ಅಮೋನಿಯವೂ ನೈಟ್ರೈಟೂ ಸೊನ್ನೆಗೆ ಇಳಿದು, ಎರಡು ದಿನ ಅಲ್ಲೇ ನಿಂತವು. ಭಾನುವಾರ ಮಗನೇ ಹೋಗಿ ಎರಡು ಚಿನ್ನದ ಮೀನು ತಂದ. ಉಳಿದವು ತಿಂಗಳು ಕಳೆದ ಮೇಲೆ, ಒಂದೊಂದಾಗಿ ಎಂದು ತಂದೆ ಮಕ್ಕಳಲ್ಲಿ ಒಪ್ಪಂದವಾಗಿತ್ತು. ಚೀಲವನ್ನು ನೀರಿನ ಮೇಲೆ ತೇಲಿಸಿ, ಬಿಸುಪು ಸಮನಾದ ಮೇಲೆ ಮೆಲ್ಲನೆ ಬಿಟ್ಟರು. ಆರಡಿಯ ನೀರಿನಲ್ಲಿ ಆ ಎರಡು ಮೀನುಗಳು ಮದುವೆಮನೆಗೆ ಒಂದು ದಿನ ಮುಂಚೆ ಬಂದ ನೆಂಟರಂತೆ ಅತ್ತಿತ್ತ ನೋಡುತ್ತಾ ತಿರುಗಿದವು. ಶೃಂಗೇರಿಯ ಕಡೆಯವರಾದ ಮಡದಿ, ತುಂಗೆಯ ಮೆಟ್ಟಿಲಲ್ಲಿ ಮಂಡಕ್ಕಿ ಹಾಕುತ್ತಿದ್ದ ತಮ್ಮ ಬಾಲ್ಯವನ್ನು ಸೊಸೆಗೆ ಹೇಳತೊಡಗಿದರು.

ಮೊಮ್ಮಗನ ಕೈಗೆ ತಿನಿಸಿನ ಡಬ್ಬಿ ಬಂತು. ಚಿಟಿಕೆಯೆಂದು ಹೇಳಿದ್ದರು, ಸಂಭ್ರಮದಲ್ಲಿ ಕೈ ಜಾರಿ ಒಂದು ಹಿಡಿಯಷ್ಟು ನೀರಿಗೆ ಬಿತ್ತು. ಹುಡುಗ ಬೆದರಿ ಇಬ್ಬರ ಮುಖವನ್ನೂ ನೋಡಿದ. ಮಗ ತಂದೆಯ ಕಡೆ ತಿರುಗಿದ.

ರಾಯರು ಸಣ್ಣ ಬಲೆಯನ್ನು ತೆಗೆದುಕೊಂಡು ತೇಲುತ್ತಿದ್ದ ಕಾಳುಗಳನ್ನು ನಿಧಾನವಾಗಿ ಕೆನೆಯಂತೆ ಎತ್ತಿದರು.

“ಪರವಾಗಿಲ್ಲ, ಮರಿ” ಎಂದರು. “ನಾಳೆ ಹಾಕದಿದ್ದರಾಯಿತು.”