ನಾಲ್ಕು ಮನೆಗಳ ಚೌಕ

ನನ್ನ ಅಕ್ಕನನ್ನು ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದರು. ನಮ್ಮ ಕಡೆ ಅದು ಹೊಸತೇನಲ್ಲ. ಹೆಣ್ಣು ಪರರ ಪಾಲಾಗದೆ ಮನೆತನದಲ್ಲಿಯೇ ಉಳಿಯಿತೆಂದು ಹಿರಿಯರು ಸಂತೋಷಪಟ್ಟರು. ಆದರೆ ಚೊಚ್ಚಲ ಮಗು ಹುಟ್ಟಿದಾಗ ಆ ಸಂತೋಷ ಬಾಡಿತು. ಮಗುವಿನ ಕೂದಲು ಹತ್ತಿಯಂತೆ ಬಿಳುಪು. ಮೈ ಹಾಲಿನಂತೆ ಬಿಳುಪು. ಬೆಳಕಿಗೆ ಅದು ಕಣ್ಣು ತೆರೆಯಲಾರದು. ತಂದೆತಾಯಿಗಳೋ ಎಣ್ಣೆಗಪ್ಪು ಬಣ್ಣದವರು. “ಗ್ರಹಣದ ದಿನ ಹೊರಗೆ ಬರಬೇಡವೆಂದರೂ ಬಂದಳು” ಎಂದಳು ಅಜ್ಜಿ. ಆ ಮಾತು ಊರೆಲ್ಲ ಸುತ್ತಿತು. ಅಕ್ಕ ಬಾವಿಕಟ್ಟೆಗೆ ಹೋಗುವುದನ್ನೇ ಬಿಟ್ಟಳು.

ನಾನಾಗ ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿದ್ದೆ. ಯೂರೋಪಿನ ಬ್ರನೊ ನಗರದ ಮಠವೊಂದರಲ್ಲಿ ಗ್ರೆಗರ್ ಮೆಂಡೆಲ್ ಎಂಬ ಸಂನ್ಯಾಸಿ 1856ರಿಂದ ಹಲವು ವರ್ಷ ಬಟಾಣಿ ಗಿಡಗಳನ್ನು ಬೆಳೆಸಿ ಪರೀಕ್ಷಿಸಿದ ಕಥೆಯನ್ನು ಅಲ್ಲಿ ಕೇಳಿದೆ. ದುಂಡುಕಾಳಿನ ತಳಿಯನ್ನೂ ಸುಕ್ಕುಗಾಳಿನ ತಳಿಯನ್ನೂ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲ ಕಾಳುಗಳೂ ದುಂಡಾದವು. ಸುಕ್ಕು ಅಳಿಯಿತೆನ್ನುವಷ್ಟರಲ್ಲಿ ಎರಡನೆಯ ಪೀಳಿಗೆಯಲ್ಲಿ 5474 ದುಂಡುಕಾಳುಗಳೊಡನೆ 1850 ಸುಕ್ಕುಗಾಳುಗಳು ಕಾಣಿಸಿಕೊಂಡವು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಆ ಗುಣ ಅಳಿದಿರಲಿಲ್ಲ, ಅಡಗಿತ್ತು. ಇಂತಹ ಲೆಕ್ಕವನ್ನು ಚೌಕದ ಮನೆಗಳಲ್ಲಿ ಬರೆದು ತೋರಿಸುವ ಕ್ರಮವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೇಂಬ್ರಿಜ್‌ನ ರೆಜಿನಾಲ್ಡ್ ಪುನ್ನೆಟ್ ರೂಪಿಸಿದನು.

ರಜೆಗೆ ಊರಿಗೆ ಹೋದೆ. ಅಜ್ಜಿ ಜಗಲಿಯಲ್ಲಿ ನೆರೆಮನೆಯ ಮಕ್ಕಳೊಡನೆ ಚೌಕಾಬಾರ ಆಡುತ್ತಿದ್ದಳು. ಆಟ ಮುಗಿದ ಮೇಲೆ ನಾನು ಅವಳ ಮುಂದೆ ಸೀಮೆಸುಣ್ಣದಿಂದ ನಾಲ್ಕೇ ಮನೆಗಳ ಚೌಕ ಬರೆದು, ಅಡುಗೆಮನೆಯಿಂದ ಕರಿಯ ಉದ್ದನ್ನೂ ಅಕ್ಕಿಯನ್ನೂ ತಂದಿಟ್ಟೆ.

“ಅಜ್ಜೀ, ಉದ್ದು ಮೈಗೆ ಬಣ್ಣ ಕೊಡುವ ವಂಶವಾಹಿ ಎಂದುಕೋ. ಅಕ್ಕಿ ಬಣ್ಣ ಕೊಡಲಾರದ್ದು. ಪ್ರತಿಯೊಬ್ಬರಲ್ಲಿಯೂ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಕಾಳುಗಳಿರುತ್ತವೆ. ಒಂದು ಉದ್ದಿದ್ದರೂ ಮೈಗೆ ಬಣ್ಣ ಬರುತ್ತದೆ.”

ಚೌಕದ ಮೇಲ್ಗಡೆ ಮಾವನ ಒಂದು ಉದ್ದು, ಒಂದು ಅಕ್ಕಿ. ಎಡಗಡೆ ಅಕ್ಕನ ಒಂದು ಉದ್ದು, ಒಂದು ಅಕ್ಕಿ. ಮನೆಗಳನ್ನು ತುಂಬಿದೆ. ಒಂದರಲ್ಲಿ ಎರಡೂ ಉದ್ದು. ಎರಡರಲ್ಲಿ ಒಂದು ಉದ್ದು, ಒಂದು ಅಕ್ಕಿ. ಕೊನೆಯದರಲ್ಲಿ ಎರಡೂ ಅಕ್ಕಿ.

“ನಮ್ಮ ಮಗು ಈ ಮನೆಯದು. ಇಬ್ಬರೂ ಕೊಡದೆ ಈ ಮನೆ ತುಂಬುವುದಿಲ್ಲ” ಎಂದೆ.

ಅಜ್ಜಿ ಬಹಳ ಹೊತ್ತು ನೋಡಿದಳು. “ನನ್ನ ಮಗನಿಗೆ ಈ ಅಕ್ಕಿ ಎಲ್ಲಿಂದ ಬಂತು?”

“ನಿನ್ನಿಂದಲೋ ಅಜ್ಜನಿಂದಲೋ ಬಂದಿರಬೇಕು. ಅಕ್ಕನಿಗೂ ಬಹುಶಃ ಅದೇ ನಮ್ಮ ಅಮ್ಮನ ಮೂಲಕ ಬಂದಿದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ, ಅಡಗಿದ ಒಂದೇ ಕಾಳು ಎರಡು ದಾರಿಗಳಿಂದ ಬಂದು ಕೂಡುವ ಸಂಭವ ಹೆಚ್ಚು. ಅದು ತನ್ನಲ್ಲಿದೆಯೆಂದು ಯಾರಿಗೂ ತಿಳಿದಿರಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ.”

ಬಾಗಿಲ ಮರೆಯಲ್ಲಿ ನಿಂತಿದ್ದ ಅಕ್ಕ ಮೆಲ್ಲನೆ ಕೇಳಿದಳು: “ಹಾಗಾದರೆ ಮುಂದಿನ ಮೂರು ಮಕ್ಕಳಿಗೂ ಬಣ್ಣವಿರುತ್ತದೆಯೇ?”

ಹೌದೆಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಆದರೆ ಅದು ಸುಳ್ಳಾಗುತ್ತಿತ್ತು. “ಹಾಗೆ ಹೇಳಲಾಗದು ಅಕ್ಕಾ. ಕವಡೆಗೆ ಹಿಂದಿನ ಆಟದ ನೆನಪಿರುವುದಿಲ್ಲ. ಪ್ರತಿಸಲವೂ ನಾಲ್ಕರಲ್ಲಿ ಒಂದು ಪಾಲಿನ ಸಂಭವ ಇದ್ದೇ ಇರುತ್ತದೆ. ಈ ಚೌಕ ಸಂಭವವನ್ನು ತಿಳಿಸುತ್ತದೆ; ಭವಿಷ್ಯ ನುಡಿಯುವುದಿಲ್ಲ.”

ಅಜ್ಜಿ ಏನೂ ಹೇಳಲಿಲ್ಲ. ಕೊನೆಯ ಮನೆಯ ಎರಡು ಅಕ್ಕಿಕಾಳುಗಳನ್ನು ಆರಿಸಿ ಅಂಗೈಯಲ್ಲಿ ಇಟ್ಟುಕೊಂಡು ಎದ್ದುಹೋದಳು.

ಮರುದಿನ ಅವಳು ತನ್ನ ಹಳೆಯ ಸೀರೆಯ ಸೆರಗನ್ನು ಕತ್ತರಿಸಿ, ಬಿಸಿಲು ತಾಗದಂತೆ ಮಗುವಿಗೆ ಅಗಲವಾದ ಕುಲಾವಿ ಹೊಲಿದಳು. ಸಂಜೆ ಮಗುವನ್ನೆತ್ತಿಕೊಂಡು, “ನಡೆಯೇ, ನೀರು ತರೋಣ” ಎಂದು ಅಕ್ಕನನ್ನು ಕರೆದಳು. ಬಾವಿಕಟ್ಟೆಯಲ್ಲಿ ಯಾರೋ ಗ್ರಹಣದ ಮಾತೆತ್ತಿದರಂತೆ. “ಗ್ರಹಣವಲ್ಲ, ನಮ್ಮ ಮನೆತನದ್ದೇ ಒಂದು ಕಾಳು” ಎಂದು ಅಜ್ಜಿ ಗಟ್ಟಿಯಾಗಿ ಹೇಳಿದಳಂತೆ.