ಒಪ್ಪಂದದ ಊರಿಗೆ ಬಂದ ಪಟ್ಟದ ಗೊಂಬೆ

ಕೆನಡಾ ದೇಶದ ಪೂರ್ವಭಾಗದಲ್ಲಿ ಹರಿಯುವ ಸೇಂಟ್ ಲಾರೆನ್ಸ್ ಮಹಾನದಿಯ ನಡುವೆ ಒಂದು ವಿಶಾಲವಾದ ದ್ವೀಪವಿದೆ. ಮಾಂಟ್ರಿಯಲ್ ನಗರ ಹಬ್ಬಿಕೊಂಡಿರುವುದು ಆ ದ್ವೀಪದ ಮೇಲೆ. ಊರಿನ ನಡುವೆಯೇ 233 ಮೀಟರು ಎತ್ತರದ ಗುಡ್ಡವೊಂದು ಮರಗಳನ್ನು ಹೊದ್ದು ಮಲಗಿದೆ. 1535ರಲ್ಲಿ ಇಲ್ಲಿಗೆ ಬಂದ ಫ್ರೆಂಚ್ ನಾವಿಕ ಜಾಕ್ ಕಾರ್ಟಿಯೇ ಅದಕ್ಕೆ ‘ರಾಜಗಿರಿ’ ಎಂಬರ್ಥದ ಹೆಸರನ್ನಿಟ್ಟನು. ಕಾಲಕ್ರಮದಲ್ಲಿ ಗುಡ್ಡದ ಹೆಸರೇ ಊರಿಗೂ ನಿಂತಿತು. ಗುಡ್ಡದ ನೆತ್ತಿಯ ಮೇಲೆ 1924ರಲ್ಲಿ ನಿಲ್ಲಿಸಿದ ಉಕ್ಕಿನ ಶಿಲುಬೆ ರಾತ್ರಿಯ ಹೊತ್ತು ಬೆಳಗುತ್ತದೆ. ಚಾಮುಂಡಿ ಬೆಟ್ಟದ ದೀಪಗಳನ್ನು ನೋಡುತ್ತ ಬೆಳೆದ ಮೈಸೂರಿನವರಿಗೆ ಈ ನೋಟ ಪರಕೀಯವೆನಿಸದು.

ಬೀದಿಯ ಹೆಸರುಗಳೂ ಅಂಗಡಿಯ ಫಲಕಗಳೂ ಫ್ರೆಂಚಿನಲ್ಲಿ. ರಬ್ಬರು ಗಾಲಿಗಳ ಮೇಲೆ ಸದ್ದಡಗಿಸಿ ಓಡುವ ನೆಲದಡಿಯ ರೈಲು 1966ರಿಂದಲೂ ಉಂಟು. ಚಳಿಗಾಲದಲ್ಲಿ ಹಿಮ ಮೊಳಕಾಲುದ್ದ ಬಿದ್ದಾಗಲೂ ಜನ ನಡೆದಾಡಲೆಂದು ನೆಲದೊಳಗೆ ಹಲವು ಮೈಲಿಗಳ ದಾರಿಗಳುಂಟು. ಇವೆಲ್ಲ ಪ್ರವಾಸಿಗಳು ನೋಡಿ ಹೊಗಳುವ ಸಂಗತಿಗಳು. ಪ್ರವಾಸಿಗಳು ಅಷ್ಟಾಗಿ ಗಮನಿಸದ ಇನ್ನೊಂದು ಹಿರಿಮೆ ಈ ಊರಿಗೆ ಇದೆ. ಲೋಕದ ವಿಮಾನಯಾನಕ್ಕೆಲ್ಲ ಕಟ್ಟುಕಟ್ಟಳೆಗಳು ಹುಟ್ಟುವ ಊರು ಇದು. ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಪ್ರಧಾನ ಕಚೇರಿ ಇಲ್ಲಿದೆ. ವಿಮಾನ ಕಂಪನಿಗಳು ತಮ್ಮತಮ್ಮಲ್ಲಿ ಕಟ್ಟಿಕೊಂಡಿರುವ ಸಂಘದ ಪ್ರಧಾನ ಕಚೇರಿಯೂ ಇಲ್ಲಿಯೇ. ಇಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಆಕಾಶಯಾನದ ಕಾನೂನನ್ನು ಕಲಿಸುವ ಸಂಸ್ಥೆ 1951ರಿಂದ ನಡೆದುಬಂದಿದೆ. ಪ್ರಯಾಣಿಕನ ಸಾಮಾನು ಒಡೆದರೆ ಹೊಣೆ ಯಾರದೆಂಬುದನ್ನು ಹೇಳುವ ಒಪ್ಪಂದಕ್ಕೆ ಈ ಊರಿನ ಹೆಸರೇ ಇದೆ.

2025ರ ಸೆಪ್ಟೆಂಬರ್ 12ರಂದು ಈ ಊರಿನ ವಿಮಾನ ನಿಲ್ದಾಣದಲ್ಲಿ ಇಳಿದ ಮೈಸೂರಿನ ವೃದ್ಧ ಗೃಹಿಣಿಯೊಬ್ಬರಿಗೆ ಇದಾವುದೂ ತಿಳಿದಿರಲಿಲ್ಲ. ಅವರು ಬಂದದ್ದು ಮಗಳ ಮನೆಯಲ್ಲಿ ಗೊಂಬೆ ಕೂರಿಸುವುದಕ್ಕೆ.

ಕೈಯಿಂದ ಹೋದ ಪೆಟ್ಟಿಗೆ

ಹಳೆಯ ಮೈಸೂರಿನ ಮನೆಗಳಲ್ಲಿ ಮಗಳ ಮದುವೆಯಾದಾಗ ತಾಯಿ ಒಂದು ಜೊತೆ ಪಟ್ಟದ ಗೊಂಬೆಗಳನ್ನು ಕೊಡುವ ಪದ್ಧತಿಯುಂಟು. ನವರಾತ್ರಿಯ ಪಾಡ್ಯದ ದಿನ ಈ ರಾಜ, ರಾಣಿ ಮೊದಲು ಮೆಟ್ಟಿಲೇರಿದ ಮೇಲೆ ಉಳಿದ ಗೊಂಬೆಗಳಿಗೆಲ್ಲ ಸ್ಥಾನ. ಈ ತಾಯಿಯ ಬಳಿಯಿದ್ದ ಬಣ್ಣದ ಮರದ ಜೊತೆ ಅವರ ತಾಯಿಯದು. ಮಗಳ ಮದುವೆಯಲ್ಲಿ ಅದನ್ನು ಮಡಿಲಿಗೆ ಹಾಕಿದ್ದಾಗಿತ್ತು; ಆದರೆ ಮಗಳು ಗಂಡನೊಡನೆ ಕಡಲಾಚೆಗೆ ಹೊರಟಾಗ ಗೊಂಬೆಗಳು ತವರಿನ ಬೀರುವಿನಲ್ಲಿಯೇ ಉಳಿದವು. ಈಗ ಮೊಮ್ಮಗಳಿಗೆ ಐದು ವರ್ಷ. ಈ ವರ್ಷವಾದರೂ ಅವು ಸೇರಬೇಕಾದ ಮನೆ ಸೇರಲಿ ಎಂದು ಹಳೆಯ ರೇಷ್ಮೆಯ ಸೀರೆಗಳಲ್ಲಿ ಸುತ್ತಿ, ಕೈಪೆಟ್ಟಿಗೆಯಲ್ಲಿಟ್ಟುಕೊಂಡು ಅವರು ಹೊರಟರು. ದೊಡ್ಡ ಪೆಟ್ಟಿಗೆಗಳನ್ನು ಬೆಂಗಳೂರಿನಲ್ಲಿಯೇ ವಿಮಾನದವರಿಗೆ ಒಪ್ಪಿಸಿದ್ದರೂ ಗೊಂಬೆಗಳಿದ್ದ ಈ ಪೆಟ್ಟಿಗೆಯನ್ನು ಮಾತ್ರ ಕೈ ಬಿಡಲಿಲ್ಲ.

ಯೂರೋಪಿನ ಒಂದು ನಗರದಲ್ಲಿ ವಿಮಾನ ಬದಲಾಯಿಸಬೇಕಿತ್ತು. ಎರಡನೆಯ ವಿಮಾನದ ಬಾಗಿಲಲ್ಲಿ ಕಂಪನಿಯ ಹುಡುಗಿಯೊಬ್ಬಳು ನಗುಮುಖದಿಂದಲೇ ಕೈ ಚಾಚಿದಳು. ಒಳಗೆ ಆಸನಗಳ ಮೇಲಿನ ಗೂಡುಗಳು ತುಂಬಿಹೋಗಿದ್ದವು. ಪೆಟ್ಟಿಗೆಯನ್ನು ಕೆಳಗಿನ ಉಗ್ರಾಣಕ್ಕೆ ಕಳುಹಿಸಬೇಕಾಗಿತ್ತು. ತಾಯಿ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ “ಒಳಗೆ ಗೊಂಬೆಗಳಿವೆ” ಎಂದರು. ಹಿಂದೆ ಸಾಲು ನಿಂತಿತ್ತು. ಹುಡುಗಿ ಹಿಡಿಕೆಗೆ ಒಂದು ಕಾಗದದ ಪಟ್ಟಿಯನ್ನು ಸುತ್ತಿ, ಅದರ ತುಂಡೊಂದನ್ನು ಹರಿದು ಕೈಗಿತ್ತಳು. ತಾಯಿ ಅದನ್ನು ಓದಲಿಲ್ಲ. ಎಸೆಯಲೂ ಮನಸ್ಸಾಗದೆ ಕನ್ನಡಕದ ಡಬ್ಬಿಯೊಳಗೆ ಮಡಿಸಿಟ್ಟರು.

ಸಾಮಾನು ಸುತ್ತುವ ಅಂಗಣ

ವಿಮಾನ ನಿಲ್ದಾಣಗಳಲ್ಲಿ ಸಾಮಾನು ಬಂದು ಸೇರುವ ಅಂಗಣದಂಥ ವಿಚಿತ್ರವಾದ ಸ್ಥಳ ಇನ್ನೊಂದಿರಲಾರದು. ಹಲವು ದೇಶಗಳ ಜನ ಒಂದು ಕರಿಯ ಪಟ್ಟಿಯ ಸುತ್ತ ನಿಂತು, ಒಬ್ಬರ ಮುಖ ಒಬ್ಬರು ನೋಡದೆ, ಗೋಡೆಯ ಒಂದು ಕಿಂಡಿಯನ್ನೇ ದಿಟ್ಟಿಸುತ್ತಿರುತ್ತಾರೆ. ತನ್ನ ಪೆಟ್ಟಿಗೆ ಕಂಡೊಡನೆ ಪ್ರತಿಯೊಬ್ಬನಿಗೂ ಅವಸರ. ಅದನ್ನು ಎಳೆದುಕೊಂಡು ಹೊರಬಾಗಿಲಿಗೆ ಧಾವಿಸುವವರೇ ಎಲ್ಲರೂ. ನಿಂತು ಬಿಚ್ಚಿ ನೋಡುವವರು ವಿರಳ. ಆದರೆ ಬಿಚ್ಚಿ ನೋಡಬೇಕಾದ ಸ್ಥಳ ಅದೇ. ಅಂಗಣದ ಮೂಲೆಯಲ್ಲಿ ಕಂಪನಿಗಳ ಮೇಜುಗಳಿರುತ್ತವೆ. ಜಖಮ್ಮಾದ ಸಾಮಾನನ್ನು ಅಲ್ಲಿ ತೋರಿಸಿದರೆ ಗುಮಾಸ್ತರು ವರದಿಯೊಂದನ್ನು ಬರೆದು, ಅದಕ್ಕೊಂದು ಸಂಖ್ಯೆ ಕೊಟ್ಟು, ಪ್ರತಿಯನ್ನು ಕೈಗಿಡುತ್ತಾರೆ.

ಕೈಪೆಟ್ಟಿಗೆಯ ಒಂದು ಮೂಲೆ ಒಳಕ್ಕೆ ಕುಸಿದದ್ದನ್ನು ತಾಯಿ ನೋಡಿದರು. ಆದರೆ ಗಾಜಿನಾಚೆ ಮೊಮ್ಮಗಳು ಕೈಬೀಸುತ್ತಿದ್ದಳು. ಪರದೇಶದಲ್ಲಿ ಕಾಲಿಟ್ಟ ಗಳಿಗೆಯಲ್ಲೇ ಜಗಳವೇಕೆಂಬ ಸಂಕೋಚವೂ ಸೇರಿ ಅವರು ಹೊರಟುಬಂದರು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಪೆಟ್ಟಿಗೆ ತೆರೆದಾಗ ರಾಜ ಕ್ಷೇಮವಾಗಿದ್ದನು. ರಾಣಿಯ ಬಲದೋಳು ಭುಜದಿಂದ ಮುರಿದು ಸೀರೆಯ ಮಡಿಕೆಯಲ್ಲಿ ಬಿದ್ದಿತ್ತು. ಕಿರೀಟದ ಒಂದು ಚಕ್ಕೆ ಹಾರಿತ್ತು.

“ಭಿನ್ನವಾದದ್ದನ್ನು ಕೂರಿಸಬಾರದು” ಎಂದಷ್ಟೇ ತಾಯಿ ನುಡಿದರು. ನವರಾತ್ರಿಗೆ ಉಳಿದಿದ್ದದ್ದು ಒಂಬತ್ತು ದಿನ.

“ಈಗಲೇ ಅಂಟಿಸಿಬಿಡೋಣ ಅಮ್ಮ” ಎಂದಳು ಮಗಳು. ಅಳಿಯ ತಡೆದರು. “ಅತ್ತೆ, ಇದನ್ನು ಈಗ ಮುಟ್ಟುವುದು ಬೇಡ. ಮೊದಲು ಕಂಪನಿಗೆ ಬರೆಯಬೇಕು. ಪೆಟ್ಟಿಗೆ ತೆಗೆದುಕೊಂಡಾಗ ಒಂದು ಚೀಟಿ ಕೊಟ್ಟರೇ?”

ಕನ್ನಡಕದ ಡಬ್ಬಿ ತೆರೆಯಿತು.

ಒಂದು ಚೀಟಿಯ ಬೆಲೆ

ಆ ಚೀಟಿಯ ಬೆಲೆ ಏನೆಂದು ತಿಳಿಯಬೇಕಾದರೆ ಒಪ್ಪಂದದತ್ತ ತಿರುಗಬೇಕು. 1999ರ ಮೇ ತಿಂಗಳಲ್ಲಿ ಮಾಂಟ್ರಿಯಲ್ಲಿನಲ್ಲಿ ಸೇರಿದ ರಾಷ್ಟ್ರಗಳ ಪರಿಷತ್ತು ಮೇ 28ರಂದು ಅದನ್ನು ಅಂಗೀಕರಿಸಿತು. 2003ರ ನವೆಂಬರ್ 4ರಿಂದ ಅದು ಜಾರಿಗೆ ಬಂದಿತು. ಭಾರತ 2009ರಲ್ಲಿ ಅದರೊಳಗೆ ಸೇರಿ, 1972ರ ವಿಮಾನ ಸಾಗಣೆಯ ಅಧಿನಿಯಮವನ್ನು ಅದಕ್ಕೆ ತಕ್ಕಂತೆ ತಿದ್ದಿಕೊಂಡಿತು.

ಈ ಒಪ್ಪಂದದ ಕಣ್ಣಿಗೆ ಪ್ರಯಾಣಿಕನ ಸಾಮಾನು ಎರಡು ಬಗೆ. ಕಂಪನಿಗೆ ಒಪ್ಪಿಸಿದ್ದು ಒಂದು. ತನ್ನ ಕೈಯಲ್ಲೇ ಇಟ್ಟುಕೊಂಡದ್ದು ಇನ್ನೊಂದು. ಒಪ್ಪಿಸಿದ ಸಾಮಾನಿಗೆ ಕಂಪನಿಯ ವಶದಲ್ಲಿದ್ದಾಗ ಧಕ್ಕೆಯಾಯಿತೆಂದರೆ ಸಾಕು, ಹೊಣೆ ಕಂಪನಿಯದು. ಯಾರು ಎಸೆದರು, ಎಲ್ಲಿ ಬಿತ್ತು ಎಂಬುದನ್ನು ಪ್ರಯಾಣಿಕ ತೋರಿಸಿಕೊಡಬೇಕಾಗಿಲ್ಲ. ಕೈಯಲ್ಲಿದ್ದ ಸಾಮಾನಿನ ವಿಷಯ ಹಾಗಲ್ಲ. ಕಂಪನಿಯ ಅಥವಾ ಅದರ ನೌಕರರ ತಪ್ಪಿನಿಂದಲೇ ಹಾನಿಯಾಯಿತೆಂದು ಸಿದ್ಧವಾದರೆ ಮಾತ್ರ ಅದು ಉತ್ತರ ಕೊಡಬೇಕು.

ವಿಮಾನದ ಬಾಗಿಲಲ್ಲಿ ಪಟ್ಟಿ ಸುತ್ತಿ ತೆಗೆದುಕೊಂಡ ಕೈಪೆಟ್ಟಿಗೆ ಆ ಕ್ಷಣದಲ್ಲಿ ಎರಡನೆಯ ಬಗೆಯಿಂದ ಮೊದಲನೆಯ ಬಗೆಗೆ ದಾಟುತ್ತದೆ. ಟಿಕೆಟಿನಲ್ಲಿ ಅದು ಕೈಸಾಮಾನೆಂದೇ ಇರಬಹುದು. ಆದರೂ ಭಾರ ಈಗ ಕಂಪನಿಯ ಹೆಗಲ ಮೇಲೆ. ಹಾಗೆ ದಾಟಿತೆಂಬುದಕ್ಕೆ ಪ್ರಯಾಣಿಕನ ಬಳಿ ಉಳಿಯುವ ಸಾಕ್ಷಿ ಆ ಹರಿದ ಕಾಗದದ ತುಂಡು.

ಎರಡನೆಯ ಮಾತು ಕಾಲದ್ದು. ಒಪ್ಪಿಸಿದ ಸಾಮಾನು ಜಖಮ್ಮಾಗಿದ್ದರೆ, ಅದು ಕೈಸೇರಿದ ದಿನದಿಂದ ಏಳು ದಿನಗಳೊಳಗೆ ಲಿಖಿತ ದೂರು ಕಂಪನಿಗೆ ಸಲ್ಲಬೇಕು. 1929ರ ವಾರ್ಸಾ ಒಪ್ಪಂದದಲ್ಲಿ ಇದು ಮೂರೇ ದಿನವಾಗಿತ್ತು. 1955ರಲ್ಲಿ ಹೇಗ್ ನಗರದಲ್ಲಿ ಏಳಕ್ಕೆ ಏರಿಸಿದರು. ಅಂಗಣದಲ್ಲಿಯೇ ವರದಿ ಬರೆಸದೆ ಹೊರಟುಬಂದ ಮಾತ್ರಕ್ಕೆ ಹಕ್ಕು ಕಳೆದುಹೋಗುವುದಿಲ್ಲ. ಆದರೆ ದೂರಿಲ್ಲದೆ ತೆಗೆದುಕೊಂಡ ಸಾಮಾನು ಸುಸ್ಥಿತಿಯಲ್ಲಿತ್ತೆಂದೇ ಕಾನೂನು ಮೊದಲು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಶ್ರಮ ಪ್ರಯಾಣಿಕನಿಗೆ. ಏಳು ದಿನ ಮೀರಿದರೆ, ಕಂಪನಿಯ ಕಡೆಯಿಂದ ವಂಚನೆ ನಡೆದಿದ್ದ ಹೊರತು, ಬಾಗಿಲು ಮುಚ್ಚಿದಂತೆಯೇ.

ಅಳಿಯ ಅಂದೇ ಕುಳಿತು ದೂರು ಬರೆದರು. ಕುಸಿದ ಮೂಲೆ, ಮುರಿದ ತೋಳು, ಚೀಟಿಯ ಸಂಖ್ಯೆ, ಎಲ್ಲದರ ಚಿತ್ರಗಳನ್ನೂ ಲಗತ್ತಿಸಿದರು. ಆದರೆ ಗೊಂಬೆಯ ಬೆಲೆಯೆಷ್ಟು? ಅಜ್ಜಿಯ ಕಾಲದಲ್ಲಿ ಯಾವ ಶಿಲ್ಪಿಯಿಂದ, ಎಷ್ಟಕ್ಕೆ ಕೊಂಡದ್ದೋ ಬಲ್ಲವರಾರು? ಕಂಪನಿಯವರು ಬಂದು ನೋಡುವವರೆಗೆ ಮುಟ್ಟಬಾರದೆಂದು ಅಳಿಯ. ನವರಾತ್ರಿ ಕಂಪನಿಗಾಗಿ ಕಾಯುವುದಿಲ್ಲವೆಂದು ಅತ್ತೆ. ಕೊನೆಗೆ ನಡುದಾರಿಯೊಂದು ಸಿಕ್ಕಿತು. ಹಳೆಯ ಪೀಠೋಪಕರಣಗಳನ್ನು ಸರಿಪಡಿಸುವ ಬಡಗಿಯೊಬ್ಬರು ಊರಿನಲ್ಲಿದ್ದರು. ಅವರು ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಮುರಿತ ಹೊಸದು, ಮರ ಹುಳುಕಲ್ಲ ಎಂದು ಬರೆದು, ಖರ್ಚಿನ ಅಂದಾಜಿನೊಡನೆ ಸಹಿ ಮಾಡಿ ಕೊಟ್ಟರು. ನೋಡುವುದಿದ್ದರೆ 18ರೊಳಗೆ ಬಂದು ನೋಡಬಹುದೆಂದು ಕಂಪನಿಗೆ ಮತ್ತೊಂದು ಪತ್ರ ಹೋಯಿತು. ಯಾರೂ ಬರಲಿಲ್ಲ. 20ರ ಸಂಜೆ, ಒಳಗೆ ಸಣ್ಣ ಮರದ ಮೊಳೆಯಿಂದ ಬಿಗಿದ ತೋಳಿನೊಡನೆ ರಾಣಿ ಮನೆಗೆ ಮರಳಿದಳು.

ಬಾವುಟಗಳ ನಗರದಲ್ಲಿ

22ರ ಸೋಮವಾರ ಪಾಡ್ಯ. ತಾಯಿ ರಾಣಿಗೆ ಜರತಾರಿಯ ಹೊಸ ಕುಪ್ಪಸ ತೊಡಿಸಿದರು. ಬೆಸುಗೆ ತೋಳಿನೊಳಗೆ ಮುಚ್ಚಿಹೋಯಿತು. ಕಿರೀಟದ ಕೊರತೆಯನ್ನು ಒಂದು ಮಲ್ಲಿಗೆ ಮುಚ್ಚಿತು. ಮೊಮ್ಮಗಳು ಎಲ್ಲವನ್ನೂ ನೋಡುತ್ತಲೇ ಇದ್ದು, ರಾಣಿಗೆ ಈಗಲೂ ನೋಯುತ್ತಿದೆಯೇ ಎಂದು ಕೇಳಿದಳು.

ಅದರ ಮರುದಿನ, ಸೆಪ್ಟೆಂಬರ್ 23ರಂದು, ನಗರದ ನಡುಭಾಗದ ರಾಬೇರ್ ಬುರಾಸಾ ಹೆದ್ದಾರಿಯ ಕಟ್ಟಡದಲ್ಲಿ ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆಯ 42ನೆಯ ಮಹಾಸಭೆ ಆರಂಭವಾಯಿತು. ಅಕ್ಟೋಬರ್ 3ರವರೆಗೆ ನಡೆಯಿತು. ಒಂದು ಭಾನುವಾರ ಅಳಿಯ ಅತ್ತೆಯವರನ್ನು ಆ ಬೀದಿಗೆ ಕರೆದೊಯ್ದರು. ನ್ಯಾಯಾಲಯದಂಥ ಗಂಭೀರ ಭವನವನ್ನು ನಿರೀಕ್ಷಿಸಿದ್ದ ತಾಯಿಗೆ ಕಂಡದ್ದು ಕಚೇರಿಯ ಬಹುಮಹಡಿ ಕಟ್ಟಡ.

“ದೂರು ಕೊಡುವುದು ಇಲ್ಲಿಯೇ?”

“ಇಲ್ಲ ಅತ್ತೆ. ಇಲ್ಲಿ ಕಟ್ಟಳೆ ಮಾಡುತ್ತಾರೆ. ದೂರು ಕಂಪನಿಗೆ, ಅವರು ಕೇಳದಿದ್ದರೆ ನ್ಯಾಯಾಲಯಕ್ಕೆ. ಎರಡು ವರ್ಷ ಕಾಲಾವಕಾಶವಿದೆ.”

“ಇಷ್ಟು ದೇಶದವರು ಸೇರಿ ನನ್ನ ಪೆಟ್ಟಿಗೆಯ ವಿಷಯ ಯೋಚಿಸಿದ್ದರೆಂದರೆ ಆಶ್ಚರ್ಯವೇ ಸರಿ” ಎಂದರು ತಾಯಿ. ಮಾತಿನಲ್ಲಿ ವಿನೋದವಿತ್ತೋ ಮೆಚ್ಚುಗೆಯಿತ್ತೋ ಹೇಳುವುದು ಕಷ್ಟ.

ಕಂಪನಿಯ ಉತ್ತರ ಅಕ್ಟೋಬರಿನಲ್ಲಿ ಬಂದಿತು. ಒಡೆಯುವ ವಸ್ತುಗಳಿಗೆ ತಾವು ಹೊಣೆಯಲ್ಲವೆಂದು ಟಿಕೆಟಿನ ನಿಬಂಧನೆಗಳಲ್ಲಿಯೇ ಇದೆ ಎಂದು ಅದರ ಸಾರಾಂಶ. ಅನೇಕ ಪ್ರಯಾಣಿಕರು ಸುಮ್ಮನಾಗುವುದು ಇಲ್ಲಿಯೇ. ಆದರೆ ಒಪ್ಪಂದ ಹೊರಿಸಿದ ಹೊಣೆಯನ್ನು ಕಳಚಿಕೊಳ್ಳಲೆಂದು ಕಂಪನಿ ಬರೆದುಕೊಂಡ ನಿಬಂಧನೆ ಅಸಿಂಧುವೆಂದು ಅದೇ ಒಪ್ಪಂದದ 26ನೆಯ ವಿಧಿ ಸಾರುತ್ತದೆ. ವಸ್ತುವಿನಲ್ಲಿಯೇ ಹುಟ್ಟುದೋಷವಿದ್ದರೆ, ಇಲ್ಲವೆ ಹಾನಿಗೆ ಪ್ರಯಾಣಿಕನ ಅಲಕ್ಷ್ಯವೂ ಕಾರಣವಾಗಿದ್ದರೆ, ಅಷ್ಟರಮಟ್ಟಿಗೆ ಕಂಪನಿಗೆ ವಿನಾಯಿತಿಯುಂಟು. ಬಡಗಿಯ ಬರಹ ಉಪಯೋಗಕ್ಕೆ ಬಂದದ್ದು ಇಲ್ಲಿ. ಎರಡನೆಯ ಪತ್ರದ ಜೊತೆಗೆ ಅದೂ ಹೋಯಿತು. ಚೀಟಿಯ ಚಿತ್ರ ಮತ್ತೊಮ್ಮೆ ಹೋಯಿತು. ನವೆಂಬರಿನಲ್ಲಿ ಬಡಗಿಯ ಕೂಲಿಯೂ ಪೆಟ್ಟಿಗೆಯ ಬೆಲೆಯೂ ಬಂದುವು.

ಅದಕ್ಕಿಂತ ಹೆಚ್ಚಿಗೆ ಏನೂ ಬರಲಿಲ್ಲ, ಬರುವಂತೆಯೂ ಇರಲಿಲ್ಲ. 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕನ ಸಾಮಾನಿಗೆ ಒಪ್ಪಂದದ ಮಿತಿ 1,519 ವಿಶೇಷ ಹಣಪಡೆವ ಹಕ್ಕುಗಳು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಈ ಲೆಕ್ಕದ ನಾಣ್ಯವನ್ನು ಅಮೆರಿಕದ ಡಾಲರಿಗೆ ತಿರುಗಿಸಿದರೆ ಸುಮಾರು ಎರಡು ಸಾವಿರ. ಭಾರತದೊಳಗಿನ ಪ್ರಯಾಣದಲ್ಲಿ ಆ ಮಿತಿ 20,000 ರೂಪಾಯಿ. ಮಿತಿಯೆಂದರೆ ಅಷ್ಟೂ ಸಿಗುವುದೆಂದಲ್ಲ. ನಷ್ಟವೆಷ್ಟೆಂದು ತೋರಿಸಿದಷ್ಟೇ ಸಿಗುವುದು. ಹೆಚ್ಚು ಬೆಲೆಯ ವಸ್ತುವನ್ನು ಒಪ್ಪಿಸುವಾಗಲೇ ಅದರ ಮೌಲ್ಯವನ್ನು ಘೋಷಿಸಿ, ಕೇಳಿದರೆ ಹೆಚ್ಚಿನ ಶುಲ್ಕ ಕೊಟ್ಟರೆ ಮಿತಿ ಮೇಲೇರುತ್ತದೆ. ಆದರೆ ತಾಯಿಯ ತಾಯಿ ಕೊಟ್ಟದ್ದು ಎಂಬುದಕ್ಕೆ ಯಾವ ಅಂಕಣದಲ್ಲಿಯೂ ಸ್ಥಳವಿಲ್ಲ.

ನವೆಂಬರಿನ ಕೊನೆಯಲ್ಲಿ, ಬೀದಿಗಳಲ್ಲಿ ಮೊದಲ ಹಿಮ ಕಾಣಿಸಿಕೊಂಡ ಮೇಲೆ ತಾಯಿ ಮೈಸೂರಿಗೆ ಹೊರಟರು. ಗೊಂಬೆಗಳು ಮಗಳ ಮನೆಯ ಬೀರುವಿನಲ್ಲಿ ಉಳಿದವು. ವಿಮಾನದ ಬಾಗಿಲಲ್ಲಿ ಈ ಸಲವೂ ಗೂಡುಗಳು ತುಂಬಿದ್ದವು. ಈ ಸಲವೂ ಒಬ್ಬಳು ಕೈ ಚಾಚಿದಳು. ತಾಯಿ ಅವಸರಪಡಲಿಲ್ಲ. ಪೆಟ್ಟಿಗೆಯನ್ನು ಅಲ್ಲಿಯೇ ತೆರೆದು, ಔಷಧಿಯ ಚೀಲವನ್ನೂ, ಮೊಮ್ಮಗಳು ಬರೆದುಕೊಟ್ಟ ರಾಣಿಯ ಚಿತ್ರವನ್ನೂ ಹೊರತೆಗೆದು ಕೈಚೀಲಕ್ಕೆ ಹಾಕಿಕೊಂಡರು. ಆಮೇಲೆ ಪೆಟ್ಟಿಗೆಯನ್ನು ಒಪ್ಪಿಸಿ, ಹಿಂದಿನ ಸಾಲು ಗೊಣಗಿದರೂ, ಚೀಟಿ ಕೈಗೆ ಬರುವವರೆಗೆ ಅಲ್ಲಿಂದ ಕದಲಲಿಲ್ಲ.